ಸಿಂಕೊ ದೆ ಮಾಯೊ: ಸಾಲದಿಂದ ಶುರು ಮಾಡಿ

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್ ಕಲಿಸುವವರೇ ಕೂತಿರುವ ಸಭೆ ಇದು, ಪೀಠಿಕೆ ಬೇಡ. ಮೇ ತಿಂಗಳು ಬಂದರೆ ನಮ್ಮ ಆನ್‌ಲೈನ್ ಕ್ಲಾಸುಗಳಲ್ಲಿ ಏನು ನಡೆಯುತ್ತದೆ ಅಂತ ನಿಮಗೇ ಗೊತ್ತು. ಟೀಚರ್ ತಲೆಯ ಮೇಲೆ ಫಿಲ್ಟರ್ ಹಾಕಿದ ದೊಡ್ಡ ಟೋಪಿ, ಬೆನ್ನ ಹಿಂದೆ ಕಳ್ಳಿ ಗಿಡ. ಒಂದು ಕ್ವಿಜ್, ಗ್ವಾಕಮೋಲೆ ಎಂಬ ಬೆಣ್ಣೆಹಣ್ಣಿನ ಚಟ್ನಿ ಮಾಡುವ ವಿಡಿಯೊ. 'ಫೆಲಿಸ್ ಸಿಂಕೊ ದೆ ಮಾಯೊ', ಅಂದರೆ ಮೇ 5ರ ಶುಭಾಶಯ, ಅಂತ ಹೇಳಿಬಿಟ್ಟರೆ ಪಾಠ ಮುಗಿಯಿತು. ಅಷ್ಟಾದ ಮೇಲೂ ಸುಮಾರು ಮಕ್ಕಳು ಅದನ್ನು ಮೆಕ್ಸಿಕೊದ ಸ್ವಾತಂತ್ರ್ಯ ದಿನ ಅಂದುಕೊಂಡೇ ಲಾಗೌಟ್ ಆಗುತ್ತಾರೆ.

ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಪಾದ್ರಿ ಮಿಗೆಲ್ ಇದಾಲ್ಗೊ ದೊಲೋರೆಸ್ ಊರಿನಲ್ಲಿ ಗಂಟೆ ಬಾರಿಸಿ ಜನರನ್ನು ಎಬ್ಬಿಸಿದ್ದು 1810ರಲ್ಲಿ. ನಮ್ಮ ಮೇ 5 ಬಂದದ್ದು 1862ರಲ್ಲಿ, ಪುಯೆಬ್ಲಾ ನಗರದಲ್ಲಿ ಮೆಕ್ಸಿಕೊ ಫ್ರೆಂಚ್ ಸೈನ್ಯವನ್ನು ಸೋಲಿಸಿದಾಗ.

ನಾನು ಹೇಳಲು ಬಂದದ್ದು ಒಂದೇ ಮಾತು. ನಡುನಡುವೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ. ಈ ದಿನವನ್ನು ಯುದ್ಧದಿಂದ ಶುರು ಮಾಡಬೇಡಿ, ಸಾಲದಿಂದ ಶುರು ಮಾಡಿ.

ಕ್ಲಾಸಿನಲ್ಲಿ ಎಲ್ಲರ ಕ್ಯಾಮೆರಾ ಆಫ್ ಆಗಿರುತ್ತದೆ, ಅಲ್ವಾ? ಅವನ್ನು ಆನ್ ಮಾಡಿಸಲು ನಾನು ಬಳಸುವ ಕಥೆ ಒಂದಿದೆ. ಮೆಕ್ಸಿಕೊ ನಗರದ ಪಕ್ಕದ ತಕುಬಾಯಾದಲ್ಲಿ ರೆಮೊಂಟೆಲ್ ಎಂಬ ಫ್ರೆಂಚ್ ಬೇಕರಿಯವನಿದ್ದನಂತೆ. ಮೆಕ್ಸಿಕೊದ ಸೈನಿಕರು ಬಂದು ಅಂಗಡಿಯಲ್ಲಿದ್ದದ್ದನ್ನೆಲ್ಲ ತಿಂದು, ಮುರಿದು ಹೋದರು. ಅವನು ಭಾರೀ ಪರಿಹಾರ ಕೇಳಿದ. ಇಂಥ ದೂರುಗಳನ್ನೆಲ್ಲ ಒಟ್ಟು ಸೇರಿಸಿ ಫ್ರಾನ್ಸ್ 6 ಲಕ್ಷ ಪೆಸೊ ಕೇಳಿತು. ಮೆಕ್ಸಿಕೊ ಕೊಡಲಿಲ್ಲ. 1838ರಲ್ಲಿ ಫ್ರೆಂಚ್ ಹಡಗುಗಳು ವೆರಾಕ್ರೂಸ್ ಬಂದರನ್ನು ಮುತ್ತಿ ಗುಂಡು ಹಾರಿಸಿದವು. ಇದಕ್ಕೆ ಕೇಕ್ ಯುದ್ಧ ಅಂತಲೇ ಹೆಸರು ಬಂತು.

ತಡೀರಿ, ಇಷ್ಟಕ್ಕೇ ಮುಗಿಯಲಿಲ್ಲ. ಆ ಗಲಾಟೆಯಲ್ಲಿ ಮೆಕ್ಸಿಕೊದ ಜನರಲ್ ಸಾಂತಾ ಆನ್ನಾನ ಒಂದು ಕಾಲು ಹೋಯಿತು. ಮುಂದೆ ಅಧಿಕಾರಕ್ಕೆ ಬಂದಾಗ, 1842ರಲ್ಲಿ, ಆ ಕಾಲನ್ನು ರಾಜಧಾನಿಗೆ ತರಿಸಿ ಸಕಲ ಮಿಲಿಟರಿ ಗೌರವದೊಂದಿಗೆ ಸಮಾಧಿ ಮಾಡಿಸಿದ. ಹೌದು, ಕಾಲಿಗೆ! ಮಾಲೀಕ ಬದುಕಿಯೇ ಇದ್ದ. ಎರಡು ವರ್ಷಕ್ಕೆ ಜನ ರೊಚ್ಚಿಗೆದ್ದು ಆ ಕಾಲನ್ನು ಅಗೆದು ತೆಗೆದು ಬೀದಿಯಲ್ಲಿ ಎಳೆದಾಡಿದರು. ಇಷ್ಟು ಹೇಳುವ ಹೊತ್ತಿಗೆ ಎಂಥ ಕ್ಲಾಸಿನಲ್ಲೂ ನಾಲ್ಕು ಮುಖ ಕಾಣಿಸಿಕೊಳ್ಳುತ್ತವೆ.

ಆಗ ಕೇಳಿ: ಒಂದು ಅಂಗಡಿಯ ಬಾಕಿಗೆ ಹಡಗು ಬರುತ್ತದೆ ಅಂದರೆ, ಇಡೀ ದೇಶವೇ ಬಾಕಿ ಕೊಡದಿದ್ದರೆ?

1861ರ ಜುಲೈನಲ್ಲಿ ಅದೇ ಆಯಿತು. ಮೂರು ವರ್ಷದ ಒಳಯುದ್ಧ ಮುಗಿದು ಖಜಾನೆ ಬರಿದಾಗಿತ್ತು. ಅಧ್ಯಕ್ಷ ಬೆನಿತೊ ಹುವಾರೆಸ್ ವಿದೇಶಿ ಸಾಲದ ಕಂತು ಎರಡು ವರ್ಷ ಕಟ್ಟುವುದಿಲ್ಲ ಎಂದರು. ಇಂಗ್ಲೆಂಡ್, ಸ್ಪೇನ್, ಫ್ರಾನ್ಸ್ ಮೂರೂ ಸೇರಿ ವೆರಾಕ್ರೂಸಿಗೆ ಸೈನ್ಯ ಕಳಿಸಿದವು. ಫ್ರಾನ್ಸ್ ಕೇಳಿದ ಹಣದಲ್ಲಿ ಜೆಕರ್ ಎಂಬ ಸ್ವಿಸ್ ಬ್ಯಾಂಕರಿನ ಬಾಂಡುಗಳೂ ಇದ್ದವು. ಮುಖಬೆಲೆ 1.5 ಕೋಟಿ ಪೆಸೊ. ಹುವಾರೆಸ್‌ರ ವಿರೋಧಿಗಳು ಮಾಡಿದ ಸಾಲ ಅದು. ಅವರಿಗೂ ನಗದಾಗಿ ಸಿಕ್ಕದ್ದು ಅದರ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಮೀಟರ್ ಬಡ್ಡಿಯವರೂ ನಾಚಬೇಕು.

ಇಲ್ಲಿ ಬ್ರೇಕ್‌ಔಟ್ ರೂಮ್ ಮಾಡಿ. ನಾಲ್ಕು ಗುಂಪು, ನಾಲ್ಕು ದೇಶ. ಒಬ್ಬರು 'ದೇಬೆಸ್ ಪಗಾರ್' (ನೀನು ಕಟ್ಟಲೇಬೇಕು) ಅನ್ನಲಿ, ಇನ್ನೊಬ್ಬರು 'ನೋ ಪುಯೆದೊ' (ನನ್ನಿಂದ ಆಗಲ್ಲ) ಅನ್ನಲಿ. ಹೊಸದಾಗಿ ಕಲಿಯುವವರಿಗೂ ಅಷ್ಟು ಸ್ಪ್ಯಾನಿಷ್ ಸಾಕು. ಕೊನೆಗೆ ಇಂಗ್ಲೆಂಡ್, ಸ್ಪೇನ್ ಗುಂಪುಗಳನ್ನು ಎಬ್ಬಿಸಿ ಮೇನ್ ರೂಮಿಗೆ ಕರೆದುಕೊಳ್ಳಿ. ಏಕೆಂದರೆ 1862ರ ಏಪ್ರಿಲ್‌ನಲ್ಲಿ ಅವರು ನಿಜವಾಗಿಯೂ ವಾಪಸ್ ಹೊರಟರು. ಉಳಿದ ಫ್ರಾನ್ಸಿಗೆ ಏನು ಬೇಕಿತ್ತು ಅಂತ ಮಕ್ಕಳೇ ಹೇಳುತ್ತಾರೆ. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್‌ಗೆ ಬೇಕಿದ್ದದ್ದು ಕಂತಲ್ಲ, ದೇಶ. ನೋಡಿ, ಸಾಲದಿಂದ ಶುರು ಮಾಡಿದರೆ ಯುದ್ಧ ತಾನಾಗಿ ಅರ್ಥವಾಗುತ್ತದೆ.

ಯುದ್ಧದ ಬಗ್ಗೆ ಜಾಸ್ತಿ ಹೇಳಲ್ಲ. ಸುಮಾರು 6 ಸಾವಿರ ಫ್ರೆಂಚರು. ತಾನಾಗಲೇ ಮೆಕ್ಸಿಕೊದ ಒಡೆಯ ಅಂತ ಅವರ ಜನರಲ್ ಲೊರೆನ್ಸೆ ಏಪ್ರಿಲ್‌ನಲ್ಲೇ ಪ್ಯಾರಿಸ್ಸಿಗೆ ಬರೆದಿದ್ದ. ಪುಯೆಬ್ಲಾದ ಲೊರೆತೊ, ಗ್ವಾದಲೂಪೆ ಕೋಟೆಗಳ ಗುಡ್ಡವನ್ನು ಹತ್ತಲು ಹೋಗಿ, ಮಧ್ಯಾಹ್ನದ ಮಳೆ ಕೆಸರಿನಲ್ಲಿ ಸೋತು ಇಳಿದ. ಗೆದ್ದವರು ಮೆಕ್ಸಿಕೊದ ಜನರಲ್ ಇಗ್ನಾಸಿಯೊ ಸರಗೋಸಾ, ವಯಸ್ಸು 33. ಅವರ ಸೈನ್ಯದ ಜೊತೆ ಸಕಾಪೊಆಸ್ತ್ಲಾ ಕಡೆಯ ಬೆಟ್ಟದ ಮೂಲನಿವಾಸಿಗಳೂ ಇದ್ದರು. ಆ ಹೆಸರನ್ನು ಮಕ್ಕಳ ಬಾಯಲ್ಲಿ ಹೇಳಿಸಿ, ಉಚ್ಚಾರಣೆಯ ಪಾಠವೂ ಆಗುತ್ತದೆ.

ಓ, ಚೀಟಿ ಬಂತು. ಐದು ನಿಮಿಷವಂತೆ. ಅಮೆರಿಕದ ಭಾಗ ದೊಡ್ಡದಿತ್ತು, ಎರಡೇ ಮಾತು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ನರು ಆಗಿನಿಂದಲೇ ಈ ದಿನ ಆಚರಿಸುತ್ತಿದ್ದರು, ಹುವಾರೆಸ್‌ಗಾಗಿ ಹಣ ಎತ್ತುತ್ತಿದ್ದರು. 1960ರ ದಶಕದ ಚಿಕಾನೊ ಚಳವಳಿ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ ಹಕ್ಕಿನ ಹೋರಾಟ, ಅದಕ್ಕೆ ಹೊಸ ಜೀವ ಕೊಟ್ಟಿತು. ಬಿಯರ್ ಕಂಪನಿಗಳ ಜಾಹೀರಾತು ಜೋರಾದದ್ದು 1980ರ ದಶಕದಲ್ಲಿ. ನಮ್ಮ ಟೋಪಿ, ಕಳ್ಳಿ ಗಿಡದ ಸ್ಲೈಡುಗಳು ಬಂದದ್ದು ಆ ಜಾಹೀರಾತುಗಳಿಂದ.

ಮೆಕ್ಸಿಕೊದಲ್ಲಿ ಪುಯೆಬ್ಲಾದ ಮೆರವಣಿಗೆ ದೊಡ್ಡದು. ರಾಜಧಾನಿಯ ಪೆನ್ಯೋನ್ ದೆ ಲೊಸ್ ಬಾನ್ಯೋಸ್ ಬಡಾವಣೆಯಲ್ಲಿ ಜನ ವೇಷ ಹಾಕಿ ಯುದ್ಧ ಆಡುತ್ತಾರೆ. ಆದರೆ ಕಾರ್ಮಿಕ ಕಾನೂನಿನ ಕಡ್ಡಾಯ ರಜೆಗಳ ಪಟ್ಟಿಯಲ್ಲಿ ಮೇ 5 ಇಲ್ಲ.

ಕೊನೆಯದು. ಪಾಠವನ್ನು ಗೆಲುವಿಗೇ ನಿಲ್ಲಿಸಬೇಡಿ. ಸರಗೋಸಾ ಅದೇ ಸೆಪ್ಟೆಂಬರ್‌ನಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡರು. 1863ರಲ್ಲಿ ಫ್ರೆಂಚರು ಮತ್ತೆ ಬಂದು ಪುಯೆಬ್ಲಾವನ್ನೂ ರಾಜಧಾನಿಯನ್ನೂ ಹಿಡಿದರು. 1864ರಲ್ಲಿ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್‌ನನ್ನು ತಂದು ಚಕ್ರವರ್ತಿ ಮಾಡಿದರು. 1867ರ ಜೂನ್ 19ರಂದು ಕೆರೆತಾರೊ ನಗರದಲ್ಲಿ ಹುವಾರೆಸ್ ಕಡೆಯವರು ಅವನನ್ನು ಗುಂಡಿಟ್ಟು ಕೊಂದರು. ಇದಕ್ಕೆ ಇನ್ನೊಂದು ಕ್ಲಾಸ್ ಇಡಿ, ಜೂನ್‌ನಲ್ಲಿ. ಪ್ರಶ್ನೆ ಇದ್ದವರು ಕಾಫಿ ಹೊತ್ತಿಗೆ ಹಿಡಿದುಕೊಳ್ಳಿ, ಮುಂದಿನ ಮೇಡಂ ಆಗಲೇ ಎದ್ದು ನಿಂತಿದ್ದಾರೆ.