ಹಸಿರು ಟಿಕ್ ನೋಡಿ ಸುಮ್ಮನಾಗಬೇಡಿ, ತಾರೀಖು ನೋಡಿ

ನಮಸ್ಕಾರ. ಕಂಪ್ಯೂಟರ್‌ನಲ್ಲಿ ಅಪ್‌ಡೇಟ್ ಆನ್ ಇರೋದು ಬೇರೆ, ಅಪ್‌ಡೇಟ್ ಆಗಿರೋದು ಬೇರೆ. ಕಳ್ಳರು ನುಗ್ಗೋದು ಈ ಎರಡರ ಮಧ್ಯೆ ಇರೋ ಸಂದಿಯಲ್ಲಿ. ನಿಮ್ಮ ಮೆಷೀನ್‌ನಲ್ಲಿ ಆ ಸಂದಿ ಎಷ್ಟು ದೊಡ್ಡದಿದೆ ಅಂತ ನೋಡೋಕೆ ಎರಡು ನಿಮಿಷ ಸಾಕು. ಆದರೂ ನಮ್ಮಲ್ಲಿ ಬಹುತೇಕ ಯಾರೂ ನೋಡಲ್ಲ. ಮನೇಲಿ ನೋಡಲ್ಲ, ಅಂಗಡೀಲಿ ನೋಡಲ್ಲ, ಎಷ್ಟೋ ಆಫೀಸಿನಲ್ಲೂ ನೋಡಲ್ಲ. ಇದು ಬದಲಾಗಲೇಬೇಕು ಅಂತ ಹೇಳೋಕೇ ಇವತ್ತು ಕೂತಿದ್ದೀನಿ.

ಪಕ್ಕದಲ್ಲಿ ಕಂಪ್ಯೂಟರ್ ಇದ್ದರೆ ನನ್ನ ಜೊತೆಗೇ ಮಾಡಿ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್ ತೆಗೀರಿ, ವಿಂಡೋಸ್ ಅಪ್‌ಡೇಟ್‌ಗೆ ಹೋಗಿ, ಅಲ್ಲಿ ಅಪ್‌ಡೇಟ್ ಹಿಸ್ಟರಿ ಅಂತಿರುತ್ತೆ. ವಿಂಡೋಸ್ 10 ಆದರೆ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಆಂಡ್ ಸೆಕ್ಯುರಿಟಿ, ಅದರೊಳಗೆ ವ್ಯೂ ಅಪ್‌ಡೇಟ್ ಹಿಸ್ಟರಿ. ಒತ್ತಿದರೆ ಉದ್ದನೆಯ ಪಟ್ಟಿ ಬರುತ್ತೆ. ಬಹಳ ಜನ ಇಲ್ಲಿವರೆಗೆ ಬಂದು, ಪಟ್ಟಿ ತುಂಬಿರೋದು ನೋಡಿ, "ಓ, ಎಲ್ಲ ಆಗಿದೆ" ಅಂತ ಕ್ಲೋಸ್ ಮಾಡಿಬಿಡ್ತಾರೆ. ನೀವು ಇನ್ನೊಂಚೂರು ನಿಲ್ಲಿ.

ಆ ಪಟ್ಟಿಯಲ್ಲಿ ಭಾಗಗಳಿವೆ. ಫೀಚರ್ ಅಪ್‌ಡೇಟ್ಸ್, ಕ್ವಾಲಿಟಿ ಅಪ್‌ಡೇಟ್ಸ್, ಡ್ರೈವರ್ ಅಪ್‌ಡೇಟ್ಸ್, ಡೆಫಿನಿಷನ್ ಅಪ್‌ಡೇಟ್ಸ್ ಹೀಗೆ. ಡೆಫಿನಿಷನ್ ಭಾಗದಲ್ಲಿ ಕೆಬಿ 2267602 ಅನ್ನೋ ಒಂದೇ ನಂಬರು ಮತ್ತೆ ಮತ್ತೆ ಕಾಣುತ್ತೆ. ಕೆಬಿ ನಂಬರ್ ಅಂದರೆ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಕೊಡೋ ಗುರುತಿನ ಸಂಖ್ಯೆ. ಈ 2267602 ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಆಂಟಿವೈರಸ್‌ಗೆ ಹೊಸ ವೈರಸ್‌ಗಳ ಗುರುತು ಕೊಡೋ ಅಪ್‌ಡೇಟು. ಹೆಚ್ಚುಕಮ್ಮಿ ದಿನಾ ಬರುತ್ತೆ, ಬರಲೇಬೇಕು. ಆದರೆ ವಿಂಡೋಸ್‌ನಲ್ಲೇ ಇರೋ ತೂತನ್ನು ಅದು ಮುಚ್ಚಲ್ಲ. ತೂತು ಮುಚ್ಚೋದು ಕ್ವಾಲಿಟಿ ಅಪ್‌ಡೇಟು. ನೀವು ನೋಡಬೇಕಾದ ತಾರೀಖು ಅಲ್ಲಿರೋದು.

ಇದನ್ನು ನಾನು ಒಂದು ತಾಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯಲ್ಲಿ ಕಣ್ಣಾರೆ ನೋಡಿದೆ. ಕೌಂಟರ್ ಮೇಲೆ ಒಂದು ಹಳೇ ಡೆಸ್ಕ್‌ಟಾಪ್, ಮುಂದುಗಡೆ ಪೆನ್‌ಡ್ರೈವ್ ಹಾಕಿ ಹಾಕಿ ಸಡಿಲ ಆಗಿರೋ ಯುಎಸ್‌ಬಿ ಪೋರ್ಟು. ಪಿಂಚಣಿ ಅರ್ಜಿ ತಂದ ಅಜ್ಜಿ, ಹಾಲ್ ಟಿಕೆಟ್ ಪ್ರಿಂಟ್ ತೆಗೆಸೋಕೆ ಬಂದ ಹುಡುಗ, ಪಹಣಿ ಬೇಕು ಅಂತ ನಿಂತಿರೋ ರೈತ. ಎಲ್ಲರ ಆಧಾರ್ ಕಾಪಿ ಆ ಒಂದೇ ಮೆಷೀನ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರುತ್ತೆ. ಅಂಗಡಿಯವರು ಒಳ್ಳೆಯವರು, ಆಂಟಿವೈರಸ್ ಆನ್ ಇದೆ ಅಂತ ತೋರಿಸಿದರು. ಹಿಸ್ಟರಿ ತೆಗೆದರೆ ಡೆಫಿನಿಷನ್ ಭಾಗದಲ್ಲಿ ಅವತ್ತಿನದೇ ತಾರೀಖು. ಕ್ವಾಲಿಟಿ ಭಾಗದಲ್ಲಿ ಕೊನೆಯದಾಗಿ ಸರಿಯಾಗಿ ಕೂತಿದ್ದು ಹಿಂದಿನ ವರ್ಷದ್ದು. ಅದರ ಮೇಲೆ ಸಾಲಾಗಿ ಫೇಲ್ಡ್ ಟು ಇನ್‌ಸ್ಟಾಲ್, ಫೇಲ್ಡ್ ಟು ಇನ್‌ಸ್ಟಾಲ್. ಸಿ ಡ್ರೈವ್ ತುಂಬಿಹೋಗಿತ್ತು, ಅಪ್‌ಡೇಟ್ ಬಿಚ್ಚಿಕೊಳ್ಳೋಕೆ ಜಾಗವೇ ಇರಲಿಲ್ಲ. ಕಂಪ್ಯೂಟರ್ ಪ್ರತಿ ತಿಂಗಳೂ ಪ್ರಯತ್ನಪಟ್ಟು ಸೋಲ್ತಾ ಇತ್ತು, ಸೋತಿದ್ದನ್ನು ಬರೆದೂ ಇಟ್ಟಿತ್ತು. ಓದೋರು ಇರಲಿಲ್ಲ.

ಈಗ ಕೆಬಿ ನಂಬರ್ ವಿಷಯ. ಯಾವುದೋ ಸುದ್ದೀಲಿ, ಇಲ್ಲಾ ನಮ್ಮ ದೇಶದ ಸೈಬರ್ ಭದ್ರತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಕೊಡೋ ಎಚ್ಚರಿಕೆಯಲ್ಲಿ, "ಈ ನಂಬರಿನ ಅಪ್‌ಡೇಟ್ ಹಾಕಿಕೊಳ್ಳಿ" ಅಂತ ಬಂದಿರುತ್ತೆ. ನೀವು ಪಟ್ಟಿಯಲ್ಲಿ ಹುಡುಕ್ತೀರಿ, ಸಿಗಲ್ಲ, ಗಾಬರಿ ಆಗುತ್ತೆ. ಗಾಬರಿ ಬೇಡ. ಈಗಿನ ವಿಂಡೋಸ್ ಅಪ್‌ಡೇಟ್‌ಗಳು ಕ್ಯುಮುಲೇಟಿವ್, ಅಂದರೆ ಈ ತಿಂಗಳ ಅಪ್‌ಡೇಟ್ ಹಿಂದಿನ ತಿಂಗಳುಗಳದ್ದನ್ನೂ ಹೊಟ್ಟೇಲಿ ಇಟ್ಟುಕೊಂಡೇ ಬರುತ್ತೆ. ಮಾರ್ಚ್‌ದು ತಪ್ಪಿಹೋಗಿ ಮೇ ತಿಂಗಳದ್ದು ಕೂತಿದ್ದರೆ ಮಾರ್ಚ್‌ದೂ ಬಂದ ಹಾಗೇ ಲೆಕ್ಕ. ಹಾಗಾಗಿ ನಂಬರ್ ಬೆನ್ನಟ್ಟೋದಕ್ಕಿಂತ ಬಿಲ್ಡ್, ಅಂದರೆ ನಿಮ್ಮ ವಿಂಡೋಸ್‌ನ ಆವೃತ್ತಿ ಸಂಖ್ಯೆ, ನೋಡೋದು ಮೇಲು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ವಿನ್‌ವರ್ (winver) ಅಂತ ಟೈಪ್ ಮಾಡಿ ಎಂಟರ್ ಕೊಡಿ. ಸಣ್ಣ ಬಾಕ್ಸ್ ಬರುತ್ತೆ. ಅಲ್ಲಿ ಓಎಸ್ ಬಿಲ್ಡ್ ಅಂತ ಚುಕ್ಕೆ ಇರೋ ಒಂದು ಸಂಖ್ಯೆ ಇರುತ್ತೆ. ಚುಕ್ಕೆಗಿಂತ ಮೊದಲು 19045 ಇದ್ದರೆ ವಿಂಡೋಸ್ 10ರ ಕೊನೇ ಆವೃತ್ತಿ, 26100 ಇದ್ದರೆ ವಿಂಡೋಸ್ 11ರ 24ಎಚ್2. ಚುಕ್ಕೆ ಆದಮೇಲಿನ ಅಂಕಿ ನೀವು ಯಾವ ತಿಂಗಳವರೆಗೆ ಬಂದಿದ್ದೀರಿ ಅಂತ ಹೇಳುತ್ತೆ. ಮೈಕ್ರೋಸಾಫ್ಟ್ ಪ್ರತಿ ಬಿಲ್ಡಿಗೂ ತಾರೀಖು ಹಾಕಿ ಪ್ರಕಟಿಸುತ್ತೆ, ಪಕ್ಕಪಕ್ಕ ಇಟ್ಟು ನೋಡಿದರೆ ಆಯ್ತು.

ಟೆಕ್ನಿಷಿಯನ್‌ಗಳಿಗೆ ಒಂದು ಮಾತು. ಪವರ್‌ಶೆಲ್‌ನಲ್ಲಿ ಗೆಟ್-ಹಾಟ್‌ಫಿಕ್ಸ್ ಹೊಡೆದು, ಬಂದ ಪಟ್ಟಿಯನ್ನೇ ರಿಪೋರ್ಟ್‌ಗೆ ಅಂಟಿಸಿ ಕೊಡೋದು ರೂಢಿ ಆಗಿದೆ. ಅದು ಪೂರ್ತಿ ಪಟ್ಟಿ ಅಲ್ಲ. ಆಫೀಸ್ ಅಪ್‌ಡೇಟ್‌ಗಳು ಅದರಲ್ಲಿ ಬರಲ್ಲ. ಕ್ರೋಮ್, ಪಿಡಿಎಫ್ ರೀಡರ್ ಇವಂತೂ ತಮ್ಮದೇ ದಾರೀಲಿ ಅಪ್‌ಡೇಟ್ ಆಗ್ತವೆ, ಅವನ್ನು ಅಲ್ಲಲ್ಲೇ ನೋಡಬೇಕು. ಉಬುಂಟು ಬಳಸೋರಿಗೆ ಎಪಿಟಿ ಹಿಸ್ಟರಿ ಲಾಗ್ ಇದೆ, ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಒಳಗೆ ಇನ್‌ಸ್ಟಲೇಷನ್ಸ್ ಇದೆ.

ಇನ್ನೊಂದು ಸಂಗತಿ ಜನರ ಗಮನಕ್ಕೆ ಬರೋದೇ ಇಲ್ಲ. ದಿನಾ ರಾತ್ರಿ ಶಟ್‌ಡೌನ್ ಮಾಡ್ತೀವಿ, ಹಾಗಾಗಿ ಅಪ್‌ಡೇಟ್ ಕೂತಿರುತ್ತೆ ಅನ್ಕೋತೀವಿ. ಆದರೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಇದೆ. ಅದು ಆನ್ ಇದ್ದರೆ ಮಾಮೂಲಿ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಆರಲ್ಲ, ಇದ್ದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು ಬೆಳಿಗ್ಗೆ ಅಲ್ಲಿಂದಲೇ ಎದ್ದೇಳುತ್ತೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಹೊಸದಾಗಿ ಶುರುವಾಗೋದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಸಿಪಿಯು ನೋಡಿ, ಅಪ್ ಟೈಮ್ ಅಂತ ಇರುತ್ತೆ. ದಿನಾ ಆಫ್ ಮಾಡೋ ಮೆಷೀನ್‌ನಲ್ಲೂ ಅಲ್ಲಿ ವಾರಗಟ್ಟಲೆ ಸಮಯ ತೋರಿಸ್ತಾ ಇದ್ದರೆ ಕಾರಣ ಇದೇ. ಪೆಂಡಿಂಗ್ ರೀಸ್ಟಾರ್ಟ್ ಅಂತ ಕಂಡರೆ ಊಟಕ್ಕೆ ಏಳೋಕೆ ಮುಂಚೆ ರೀಸ್ಟಾರ್ಟ್ ಒತ್ತಿ.

ಇಷ್ಟೆಲ್ಲ ಯಾಕೆ ಅಂತೀರಾ? 2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ತೂತಿಗೆ ತೇಪೆ ಬಿಟ್ಟಿತು. ಎಂಎಸ್17-010 ಅದರ ಹೆಸರು. ಮೇ 12ಕ್ಕೆ ವನ್ನಾಕ್ರೈ ಅನ್ನೋ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ ಅದೇ ತೂತಿನಿಂದ ನುಗ್ಗಿತು. ಮಧ್ಯೆ ಇದ್ದದ್ದು 59 ದಿನ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅಂದಾಜು 19,000ಕ್ಕೂ ಹೆಚ್ಚು ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ನಮ್ಮ ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್, ಕೇರಳದಲ್ಲಿ ಪಂಚಾಯಿತಿ ಕಂಪ್ಯೂಟರ್ ಕೂಡ ಸಿಕ್ಕಿಹಾಕಿಕೊಂಡವು. ಆಮೇಲೆ ಅದೇ ವರ್ಷ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ವರದಿ ಕೊಟ್ಟಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವರದಿಯ ಒಂದು ಅಂಶ. ಅಪ್‌ಡೇಟ್ ಹಾಕಿಕೊಳ್ಳಿ ಅಂತ ಆಸ್ಪತ್ರೆಗಳಿಗೆ ಮಾರ್ಚ್, ಏಪ್ರಿಲ್‌ನಲ್ಲೇ ಎಚ್ಚರಿಕೆ ಹೋಗಿತ್ತು. ಹಾಕಿಕೊಂಡರೋ ಇಲ್ಲವೋ ಅಂತ ಪರಿಶೀಲಿಸೋ ಅಧಿಕೃತ ವ್ಯವಸ್ಥೆ ಅಲ್ಲಿನ ಆರೋಗ್ಯ ಇಲಾಖೆ ಹತ್ತಿರ ಇರಲಿಲ್ಲ. ಸುತ್ತೋಲೆ ಹೋಗಿತ್ತು, ತೇಪೆ ಬಿಟ್ಟಿಯಾಗಿ ಸಿಗ್ತಿತ್ತು, ಸಮಯವೂ ಇತ್ತು. ಕೂತಿದೆಯಾ ಅಂತ ನೋಡೋ ಕೆಲಸ ಒಂದನ್ನು ಯಾರಿಗೂ ವಹಿಸಿರಲಿಲ್ಲ.

ಅದೇ ವರ್ಷ ಅಮೆರಿಕದ ಸಾಲದ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನಲ್ಲೂ ಹೀಗೇ. ಅಪಾಚೆ ಸ್ಟ್ರಟ್ಸ್ ಅನ್ನೋ ಸಾಫ್ಟ್‌ವೇರ್‌ನ ತೂತು ಮುಚ್ಚಿ ಅಂತ ಒಳಗೆ ಇಮೇಲ್ ಹೋಯ್ತು, 48 ಗಂಟೆ ಗಡುವು. ಆಮೇಲೆ ಸ್ಕ್ಯಾನ್ ಕೂಡ ಮಾಡಿದರು, ಏನೂ ಸಿಗಲಿಲ್ಲ, ಸುಮ್ಮನಾದರು. ತೂತಿದ್ದ ಸರ್ವರ್ ಆ ಸ್ಕ್ಯಾನ್‌ನ ಕಣ್ಣಿಗೇ ಬಿದ್ದಿರಲಿಲ್ಲ. ಸುಮಾರು 14.7 ಕೋಟಿ ಜನರ ಮಾಹಿತಿ ಕಳ್ಳರ ಕೈಸೇರಿತು.

ಅಪ್‌ಡೇಟ್ ಅಂದರೆ ಹೆದರೋರ ಮಾತನ್ನೂ ನಾನು ಕೇಳಿದ್ದೀನಿ, ಅದರಲ್ಲಿ ನಿಜ ಇದೆ. ಡಿಟಿಪಿ ಮಾಡೋರು ಹೇಳ್ತಾರೆ, "ಸರ್, ಅಪ್‌ಡೇಟ್ ಆದರೆ ನನ್ನ ಪೇಜ್‌ಮೇಕರ್, ನುಡಿ ಏನಾಗುತ್ತೋ, ನಾಳೆ ಲಗ್ನಪತ್ರಿಕೆ ಕೊಡಬೇಕು." ಅವರ ಹೊಟ್ಟೆಪಾಡು ಅದು. ಅಪ್‌ಡೇಟ್ ಕೆಡಿಸಿದ ಉದಾಹರಣೆಗಳೂ ಇವೆ. 2024ರ ಜನವರಿಯಲ್ಲಿ ಕೆಬಿ 5034441 ಅನ್ನೋದು ಬಂದು, ರಿಕವರಿ ಪಾರ್ಟಿಷನ್‌ನಲ್ಲಿ ಜಾಗ ಸಾಲದೆ ಎಷ್ಟೋ ವಿಂಡೋಸ್ 10 ಮೆಷೀನ್‌ಗಳಲ್ಲಿ 0ಎಕ್ಸ್80070643 ಅನ್ನೋ ಎರರ್ ಕೊಡ್ತಾ ಫೇಲ್ ಆಯ್ತು. ಅದೇ ವರ್ಷ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ಕೆಟ್ಟ ಫೈಲ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮೆಷೀನ್ ನೀಲಿ ಸ್ಕ್ರೀನ್‌ಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಮೈಕ್ರೋಸಾಫ್ಟ್ ಕಳಿಸಿದ ವಿಂಡೋಸ್ ಅಪ್‌ಡೇಟ್ ಆಗಿರಲಿಲ್ಲ ಅನ್ನೋದನ್ನು ಇವತ್ತಿಗೂ ಎಷ್ಟೋ ಜನ ತಿಳಿದಿಲ್ಲ.

ಆದರೆ ನೋಡಿ, ಹೆದರೋರಿಗೇ ಈ ಪಟ್ಟಿ ಹೆಚ್ಚು ಬೇಕು. ನಿನ್ನೆವರೆಗೆ ಸರಿಯಿದ್ದ ಪ್ರಿಂಟರ್ ಇವತ್ತು ಕೆಟ್ಟರೆ, ರಾತ್ರಿ ಏನು ಕೂತಿದೆ ಅಂತ ಅಲ್ಲೇ ತಾರೀಖಿನ ಸಮೇತ ಸಿಗುತ್ತೆ. ಅದೇ ಪುಟದಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಕೂಡ ಇದೆ, ಆ ಒಂದನ್ನೇ ತೆಗೆಯಬಹುದು. ವಿಂಡೋಸ್ 11ರಲ್ಲಿ ಪಾಜ್ (Pause) ಬಟನ್ ಒತ್ತಿ 5 ವಾರದವರೆಗೆ ಮುಂದೂಡಬಹುದು, ಲಗ್ನದ ಸೀಸನ್ ಮುಗಿಸಿಕೊಂಡು ಹಾಕಿಕೊಳ್ಳಿ. ಹೆದರಿಕೆಗೆ ಅಪ್‌ಡೇಟ್ ಸರ್ವಿಸ್ಸನ್ನೇ ಶಾಶ್ವತವಾಗಿ ಆಫ್ ಮಾಡಿಸಿಕೊಳ್ಳೋದನ್ನು ಮಾತ್ರ ನಾನು ಒಪ್ಪಲ್ಲ. ವಿಂಡೋಸ್ ಹಾಕಿಕೊಡುವಾಗಲೇ, ಕೇಳದೆ ಹೇಳದೆ ಆಫ್ ಮಾಡಿ ಕೊಡೋರಿದ್ದಾರಲ್ಲ, ಅವರು ಗಿರಾಕಿಗೆ ಮಾಡ್ತಿರೋದು ಅನ್ಯಾಯ.

ನಮ್ಮಲ್ಲಿ ಮಗು ಹುಟ್ಟಿದರೆ ತಾಯಿ ಕಾರ್ಡ್ ಇರುತ್ತೆ. ಯಾವ ಲಸಿಕೆ, ಯಾವ ದಿನ, ಮುಂದಿನದು ಯಾವಾಗ ಅಂತ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಆ ಕಾರ್ಡ್ ಕೇಳ್ತಾರೆ, "ಹಾಕಿಸಿದ್ದೀವಿ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಊರಿನ ಜನರ ದಾಖಲೆ ಇಟ್ಟುಕೊಂಡಿರೋ ಪ್ರತಿ ಕಂಪ್ಯೂಟರ್‌ಗೂ ಅಂಥ ಒಂದು ಕಾರ್ಡ್ ಬೇಕು ಅನ್ನೋದು ನನ್ನ ಒತ್ತಾಯ. ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಶಾಲೆಯ ಲ್ಯಾಬ್, ಎಲ್ಲ ಕಡೆ. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಗುತ್ತಿಗೆ, ಅಂತ ವರ್ಷಾ ವರ್ಷ ದುಡ್ಡು ಕಟ್ತೀವಲ್ಲ, ಆ ಬಿಲ್ ಪಾಸ್ ಮಾಡೋಕೆ ಮುಂಚೆ ಪ್ರತಿ ಮೆಷೀನ್‌ನ ಅಪ್‌ಡೇಟ್ ಹಿಸ್ಟರಿ ಮತ್ತು ಬಿಲ್ಡ್ ನಂಬರಿನ ಸ್ಕ್ರೀನ್‌ಶಾಟ್ ಕೇಳಿ. ಧೂಳು ಹೊಡೆದು ಸಹಿ ಹಾಕಿಸಿಕೊಂಡು ಹೋಗೋದಕ್ಕೆ ದುಡ್ಡು ಕೊಡಬೇಡಿ. ಮೈಕ್ರೋಸಾಫ್ಟ್ ತಿಂಗಳ ಅಪ್‌ಡೇಟ್ ಬಿಡೋದು ಎರಡನೇ ಮಂಗಳವಾರ, ನಮ್ಮ ಲೆಕ್ಕದಲ್ಲಿ ರಾತ್ರಿ ಹತ್ತೂವರೆ ಆದಮೇಲೆ. ಆ ವಾರ ಬಿಟ್ಟು ಮುಂದಿನ ಸೋಮವಾರ ಯಾರಾದರೂ ಒಬ್ಬರು, ಹೆಸರು ಗೊತ್ತುಮಾಡಿ, ಕೂತು ನೋಡಲಿ.

ಇನ್ನು ವಿಂಡೋಸ್ 10 ಇಟ್ಟುಕೊಂಡಿರೋರು ಇವತ್ತೇ ನೋಡಬೇಕು. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆಯವರಿಗೆ ಇಎಸ್‌ಯು ಅನ್ನೋ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತೆ. ಸೇರದಿದ್ದರೂ ಡಿಫೆಂಡರ್‌ನ ದಿನದ ಅಪ್‌ಡೇಟ್ ಬರ್ತಾನೇ ಇರುತ್ತೆ, ಹಾಗಾಗಿ ಮೇಲ್ನೋಟಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಕ್ವಾಲಿಟಿ ಅಪ್‌ಡೇಟ್ಸ್ ಭಾಗ ತೆಗೀರಿ. ಮೇಲಿನ ಸಾಲಿನ ತಾರೀಖು 2025ರ ಅಕ್ಟೋಬರ್‌ಗೇ ನಿಂತಿದ್ದರೆ ನಿಮ್ಮ ಮೆಷೀನ್ ಆ ಯೋಜನೆಯಲ್ಲಿ ಇಲ್ಲ, ಇಲ್ಲಾ ಸೇರಿದ್ದರೂ ಅಪ್‌ಡೇಟ್ ಕೂತಿಲ್ಲ. ಎರಡರಲ್ಲಿ ಯಾವುದು ಅಂತ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ತಿಳಿಯುತ್ತೆ, ಸೇರೋ ಲಿಂಕ್ ಕೂಡ ಅಲ್ಲೇ ಇರುತ್ತೆ. ನಿಮ್ಮದು ನೋಡಿ ಆದಮೇಲೆ ನಿಮ್ಮೂರಿನ ಜೆರಾಕ್ಸ್ ಅಂಗಡಿಯವರಿಗೂ ಒಮ್ಮೆ ತೋರಿಸಿಕೊಡಿ. ನಮಸ್ಕಾರ.