ವಾಲ್ವೋ ಹೈಬ್ರಿಡ್ಡೋ? ಮೊದಲು ಜಮಖಾನ ಹಾಸಿ

ನಮಸ್ಕಾರ. ಇವತ್ತು ನನ್ನದೇ ಹಳೆಯ ಮಾತಿನ ಜೊತೆ ಜಗಳಕ್ಕೆ ನಿಂತಿದ್ದೇನೆ. ಗಂಟೆಗಟ್ಟಲೆ ಕೇಳಿದರೂ ಕಿವಿ ದಣಿಯಬಾರದು ಎಂದರೆ ವಾಲ್ವ್ ಆಂಪ್ಲಿಫೈಯರೇ, ಅಂದರೆ ಗಾಜಿನ ಬುರುಡೆಗಳಿಂದ ಧ್ವನಿಯನ್ನು ಹಿಗ್ಗಿಸುವ ಪೆಟ್ಟಿಗೆಯೇ, ಬೇಕು ಎಂದು ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡಿದವನು ನಾನು. ಈಗ ನನ್ನ ಮನೆಯ ಹಜಾರದಲ್ಲಿ ಕುಳಿತಿರುವುದು ಹೈಬ್ರಿಡ್, ಅರ್ಧ ವಾಲ್ವ್, ಅರ್ಧ ಟ್ರಾನ್ಸಿಸ್ಟರ್. ನಗುವವರು ನಕ್ಕುಬಿಡಿ, ಆಮೇಲೆ ಕೇಳಿ.

ಕಿವಿ ದಣಿಯುವುದನ್ನು ನಾನು ತಂಬೂರಿಯಿಂದ ಅಳೆಯುತ್ತೇನೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಧ್ವನಿಮುದ್ರಣ ಹಾಕಿ. ಹಿಂದೆ ತಂಬೂರಿ ಝೇಂಕರಿಸುತ್ತಿರುತ್ತದೆ, ಒಂದೊಂದು ಮೀಟಿಗೂ ಮೂಲ ಸ್ವರದ ಬೆನ್ನಿಗೆ ಉಪಸ್ವರಗಳ ಮೆರವಣಿಗೆ. ಎಲ್ಲ ಸರಿಯಿದ್ದರೆ ಹತ್ತು ನಿಮಿಷದಲ್ಲಿ ತಂಬೂರಿ ಮರೆತೇಹೋಗುತ್ತದೆ, ರಾಗ ಮಾತ್ರ ಉಳಿಯುತ್ತದೆ. ಸರಿಯಿಲ್ಲದಿದ್ದರೆ ಅದೇ ತಂಬೂರಿ ಜೀರುಂಡೆಯಾಗುತ್ತದೆ. ಯಾರೂ ಹೇಳದೆಯೇ ಕೈ ವಾಲ್ಯೂಮಿನ ಕಡೆಗೆ ಹೋಗುತ್ತದೆ. ಕೈ ಹೋಯಿತೆಂದರೆ ಕಿವಿ ದಣಿದಿದೆ ಎಂದೇ ಲೆಕ್ಕ.

ನಾಲ್ಕು ಇಎಲ್34 ವಾಲ್ವುಗಳ ನನ್ನ ಹಳೆಯ ಆಂಪ್ಲಿಫೈಯರಿನಲ್ಲಿ ಕೈ ಹೋಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಏಪ್ರಿಲ್ ಬಂದಾಗ ಬಣ್ಣ ಬಯಲಾಯಿತು. ಒಂದೊಂದು ಇಎಲ್34ರಲ್ಲೂ ಅದನ್ನು ಒಳಗಿನಿಂದ ಕಾಯಿಸುವ ತಂತಿ, ಅಂದರೆ ಫಿಲಮೆಂಟ್, ಒಂದೇ ಸುಮಾರು ಒಂಬತ್ತೂವರೆ ವ್ಯಾಟ್ ನುಂಗುತ್ತದೆ. ವಾಲ್ವಿನೊಳಗಿನ ಲೋಹದ ಪ್ಲೇಟಿನ ವಿದ್ಯುತ್ತನ್ನೂ ಸೇರಿಸಿದರೆ ಹಾಡು ಶುರುವಾಗುವ ಮೊದಲೇ ನೂರು ವ್ಯಾಟಿಗೂ ಮೀರಿದ ಕಾವು. ಫ್ಯಾನ್ ಹಾಕಿದರೆ ಆಲಾಪ ಕೇಳಿಸದು, ಆರಿಸಿದರೆ ಕುಳಿತಿರಲಾಗದು. ಒಂದು ರಾತ್ರಿ ಧ್ವನಿ ಸ್ವಲ್ಪ ಒಡೆದ ಹಾಗೆನಿಸಿ ಬಗ್ಗಿ ನೋಡಿದೆ. ಬಲತುದಿಯ ವಾಲ್ವಿನೊಳಗೆ ಬೂದು ಬಣ್ಣದ ಪ್ಲೇಟು ಅಂಚಿನುದ್ದಕ್ಕೂ ಕುಲುಮೆಯ ಕಬ್ಬಿಣದಂತೆ ಕೆಂಪಾಗಿತ್ತು. ವಾಲ್ವಿನಲ್ಲಿ ಹರಿಯುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಬಯಸ್ ಕೈಕೊಟ್ಟಿತ್ತು. ಪ್ಲಗ್ ಕಿತ್ತೆ. ವಿದ್ಯುತ್ತನ್ನು ಕೂಡಿಡುವ ಒಳಗಿನ ಕೆಪಾಸಿಟರುಗಳಲ್ಲಿ ನಾನೂರು ವೋಲ್ಟ್ ಇನ್ನೂ ಕುಳಿತಿರುತ್ತದೆ, ಮನೆಯಲ್ಲಿ ಎಲ್ಲದರೊಳಗೂ ಬೆರಳಿಡುವ ಮಗುವಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಆ ಇಂಪು ಬಂದದ್ದು ಎಲ್ಲಿಂದ? ಎರಡನೆಯ ಹಾರ್ಮೋನಿಕ್, ಅಂದರೆ ವಾಲ್ವ್ ತಾನಾಗಿ ಸೇರಿಸುವ ಎರಡು ಪಟ್ಟು ಕಂಪನದ ಉಪಸ್ವರ, ಎನ್ನುತ್ತಾರೆ. ಅದು ಮೂಲ ಸ್ವರಕ್ಕೆ ಮೇಲಿನ ಷಡ್ಜವಿದ್ದಂತೆ, ಕಿವಿಗೆ ಹಿತ. ಸರಿ. ಆದರೆ ನನ್ನ ಪ್ರಕಾರ ದೊಡ್ಡ ಪಾಲು ಬೇರೆ ಕಡೆಯಿದೆ. ವಾಲ್ವ್ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಬರುವ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಹೆಚ್ಚು. ಸ್ಪೀಕರಿನ ಇಂಪೀಡೆನ್ಸ್ ಏರಿಳಿದಂತೆ ಧ್ವನಿಯೂ ಅಲ್ಲಲ್ಲಿ ಉಬ್ಬುತ್ತದೆ, ತಗ್ಗುತ್ತದೆ. ನಾವು ಮಾಧುರ್ಯ ಎನ್ನುವುದರಲ್ಲಿ ಎಷ್ಟೋ ಈ ಉಬ್ಬುತಗ್ಗೇ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರ್ ಸ್ಟೀರಿಯೊಫೈಲ್ ಪತ್ರಿಕೆಯವರಿಗೆ ಸವಾಲು ಹಾಕಿದ: ನಿಮ್ಮ ದುಬಾರಿ ಆಂಪ್ಲಿಫೈಯರಿನಂತೆಯೇ ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಹಾಡಿಸುತ್ತೇನೆ. ಎರಡರ ವ್ಯತ್ಯಾಸವನ್ನೇ ಸ್ಪೀಕರಿನಲ್ಲಿ ಕೇಳುತ್ತ, ಅದು ಹೆಚ್ಚುಕಡಿಮೆ ಮೌನವಾಗುವ ತನಕ ತನ್ನದನ್ನು ತಿದ್ದಿದ. ಪತ್ರಿಕೆಯ ಪಳಗಿದ ಕಿವಿಗಳು ಸೋಲೊಪ್ಪಿಕೊಂಡವು.

ಇನ್ನೊಂದು ಕಾರಣ ವಾಲ್ವಿನ ಬಡತನ. ಎಂಟು ಹತ್ತು ವ್ಯಾಟ್ ಇದ್ದವನು ತಗ್ಗಿಸಿಯೇ ಕೇಳುತ್ತಾನೆ. ತಗ್ಗಿಸಿ ಕೇಳಿದವನ ಕಿವಿ ದಣಿಯುವುದಿಲ್ಲ. ಹೆಸರು ಬರುವುದು ಮಾತ್ರ ಗಾಜಿನ ಬುರುಡೆಗೆ!

ನನ್ನ ಕಣ್ಣು ತೆರೆಸಿದ್ದು ಸತ್ಯನಾರಾಯಣ ಪೂಜೆ. ವಾಲ್ವ್ ರಿಪೇರಿಗೆ ಹೋಗಿತ್ತು, ಜಾಗ ತುಂಬಲು ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇಟ್ಟಿದ್ದೆ. ಅದನ್ನು ಕೇಳಿದರೆ ಹಲ್ಲು ಚುಳ್ಳೆನ್ನುತ್ತಿತ್ತು. ಪೂಜೆಗೆಂದು ಹಜಾರದ ತುಂಬ ಜಮಖಾನ ಹಾಸಿದರು, ಕಿಟಕಿಗೆ ದಪ್ಪ ಪರದೆ ಬಂತು. ಅತಿಥಿಗಳು ಹೋದ ಮೇಲೆ ಪ್ರಸಾದದ ಸಜ್ಜಿಗೆ ತಿನ್ನುತ್ತ ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದೆ. ಮುಕ್ಕಾಲು ಗಂಟೆ ಕಳೆಯಿತು, ಕೈ ವಾಲ್ಯೂಮಿನತ್ತ ಹೋಗಲೇ ಇಲ್ಲ. ಹೊಳೆಯುವ ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ: ನಮ್ಮ ಹೊಸ ಮನೆಗಳು ತಾರಸ್ಥಾಯಿಯನ್ನು ಪುಟಿಸಿ ಪುಟಿಸಿ ಕಿವಿಗೆ ಎಸೆಯುತ್ತವೆ. ಅದಕ್ಕೆ ನಾನು ವಾಲ್ವನ್ನು ಔಷಧಿಯಾಗಿ ಕುಡಿಸುತ್ತಿದ್ದೆ.

ಆದ್ದರಿಂದ ಕೋಣೆ ನೋಡಿ, ಸ್ಪೀಕರ್ ನೋಡಿ, ಆಮೇಲೆ ಆಂಪ್ಲಿಫೈಯರ್. ನಿಮ್ಮ ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಅದು ಎಷ್ಟು ಜೋರಾಗಿ ಹಾಡುತ್ತದೆ ಎಂಬ ಲೆಕ್ಕ, 92 ಡೆಸಿಬೆಲ್ಲಿನ ಆಸುಪಾಸಿನಲ್ಲಿದ್ದು, ಇಂಪೀಡೆನ್ಸ್ ತೀರ ಕೆಳಗಿಳಿಯದಿದ್ದರೆ, ಬೇಸಿಗೆಯನ್ನೂ ಬಯಸ್ ಹೊಂದಿಸುವುದನ್ನೂ ಸಹಿಸುವ ತಾಳ್ಮೆಯಿದ್ದರೆ, ಇಎಲ್84ರ ಪುಟ್ಟ ವಾಲ್ವ್ ಆಂಪ್ಲಿಫೈಯರ್ ಕೊಳ್ಳಿ. ನಾನು ತಡೆಯುವುದಿಲ್ಲ, ಹೊಟ್ಟೆಕಿಚ್ಚು ಪಡುತ್ತೇನೆ. ಆದರೆ ನಮ್ಮಲ್ಲಿ ಬಹುಮಂದಿಯ ಸ್ಪೀಕರುಗಳು 85, 86ರವು. ಮೂರು ಡೆಸಿಬೆಲ್ ಹೆಚ್ಚಿಗೆ ಬೇಕೆಂದರೆ ವ್ಯಾಟ್ ಇಮ್ಮಡಿಯಾಗಬೇಕು. ಹತ್ತು ವ್ಯಾಟಿನ ವಾಲ್ವ್ ಅಲ್ಲಿ ಏದುಸಿರು ಬಿಡುತ್ತದೆ, ಮೃದಂಗದ ಪೆಟ್ಟು ಹಿಟ್ಟಿನ ಮೂಟೆಗೆ ಹೊಡೆದ ಹಾಗೆ ಕೇಳಿಸುತ್ತದೆ. ಅಂಥವರಿಗೆ ಹೈಬ್ರಿಡ್: ಮುಂದೆ ಒಂದು ಜೋಡಿ ಸಣ್ಣ ವಾಲ್ವ್, ಹಿಂದೆ ದುಡಿಯಲು ಟ್ರಾನ್ಸಿಸ್ಟರ್. ವಾಲ್ವಿಗೂ ಸ್ಪೀಕರಿಗೂ ನಡುವೆ ಬೇಕಾಗುತ್ತಿದ್ದ ಭಾರದ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಬೇಡ. ಹಳೆಯ ವಾಲ್ವಿನ ಆ ಉಬ್ಬುತಗ್ಗು ಇದರಲ್ಲಿ ಸಿಗುವುದಿಲ್ಲ. ನನಗೀಗ ಅದು ಬೇಕಾಗಿಯೂ ಇಲ್ಲ.

ಒಂದು ಮೋಸದ ಬಗ್ಗೆ ಎಚ್ಚರ. ಅಗ್ಗದ ಹೈಬ್ರಿಡ್ಡುಗಳಲ್ಲಿ ವಾಲ್ವಿನ ಬುಡಕ್ಕೆ ಕಿತ್ತಳೆ ಬಣ್ಣದ ಎಲ್‌ಇಡಿ ಅಂಟಿಸಿರುತ್ತಾರೆ. ಸ್ವಿಚ್ ಹಾಕಿದ ಕ್ಷಣವೇ ಝಗ್ಗೆಂದು ಬೆಳಗಿದರೆ ಅದು ದೀಪಾವಳಿ, ಫಿಲಮೆಂಟ್ ಅಲ್ಲ. ನಿಜವಾದದ್ದು ನಿಧಾನವಾಗಿ, ನಾಚಿಕೊಂಡು ಕೆಂಪಾಗುತ್ತದೆ.

ಬೆಂಗಳೂರಿಗರಿಗೆ ಇನ್ನೊಂದು ಸಂತೋಷವಿದೆ. ಜಾಲಹಳ್ಳಿಯ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ 1961ರಲ್ಲೇ ರೇಡಿಯೋ ವಾಲ್ವುಗಳ ತಯಾರಿಕೆ ಶುರುಮಾಡಿತ್ತು. ಅಲ್ಲಿನ ಇಸಿಸಿ83 ಎಂಬ ಸಣ್ಣ ವಾಲ್ವುಗಳನ್ನು ಇಂದಿಗೂ ಹೊರದೇಶದವರು ಹುಡುಕಿ ಕೊಳ್ಳುತ್ತಾರೆ. ನನ್ನ ಹೈಬ್ರಿಡ್ಡಿನಲ್ಲಿ ಈಗ ಉರಿಯುತ್ತಿರುವುದು ಅಂಥದೇ ಒಂದು ಜೋಡಿ, ಎಸ್.ಪಿ. ರಸ್ತೆಯ ಅಂಗಡಿಯೊಂದರ ಅಟ್ಟದಿಂದ ಇಳಿಸಿ ತಂದದ್ದು. ಪೂಜೆ ಮುಗಿದು ಎರಡು ವರ್ಷವಾಯಿತು. ಜಮಖಾನ ಮಡಿಸಿಡಲು ನಾನು ಇನ್ನೂ ಬಿಟ್ಟಿಲ್ಲ.