ಗಂಡು ಬೆಕ್ಕಿನ ಗೋಡೆಬರಹ

ಕೇಳುಗರೇ, ನಮಸ್ಕಾರ.

ಮಲೆನಾಡಿನ ಸಣ್ಣ ಊರೊಂದರ ಪಶು ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಒಂದು ಬೆಳಿಗ್ಗೆ ಗಂಡ ಹೆಂಡತಿ ಜೊತೆಯಾಗಿ ಬಂದರು. ಹೆಂಡತಿಯ ಕೈಯಲ್ಲಿ ಮುಚ್ಚಳ ಬಿಗಿದು ಕಟ್ಟಿದ ಬಿದಿರಿನ ಬುಟ್ಟಿ. ಅದರೊಳಗೆ ಬೀಜ ತೆಗೆಸಲು ತಂದ ಹತ್ತು ತಿಂಗಳ ಕೆಂಚು ಗಂಡು ಬೆಕ್ಕು. ಗಂಡನ ಮುಖ ನೋಡಿದರೆ ಆಪರೇಷನ್ ಆಗಬೇಕಾದವರು ಅವರೇ ಏನೋ ಅನ್ನಿಸುವಂತಿತ್ತು.

"ಅಕ್ಕಿ ಮೂಟೆ, ಚಪ್ಪಲಿ ಗೂಡು, ಈಗ ದೇವರ ಕೋಣೆಯ ಬಾಗಿಲು. ಎಲ್ಲದಕ್ಕೂ ಉಚ್ಚೆ ಚಿಮ್ಮಿಸುತ್ತದೆ, ಒಂದನ್ನೂ ಬಿಟ್ಟಿಲ್ಲ ಡಾಕ್ಟರೇ" ಎಂದು ಆಕೆ ದೂರಿದರು. ಆತ ಮೆಲ್ಲಗೆ, "ಪಾಪ, ಗಂಡು ಪ್ರಾಣಿ. ಅದಕ್ಕೂ ಆಸೆ ಇರುವುದಿಲ್ಲವೇ?" ಎಂದರು. ಇದೇ ಮನುಷ್ಯ ಹಿಂದಿನ ವರ್ಷ ಎರಡು ಹೋರಿಗಳಿಗೆ ಬೀಜ ಒಡೆಸಿಕೊಂಡು ಹೋಗಿದ್ದರು. ಆಗ ಹೋರಿಯ ಆಸೆಯ ಮಾತೇ ಬಂದಿರಲಿಲ್ಲ!

ಬೆಕ್ಕು ಉಚ್ಚೆ ಹೊಯ್ಯುವುದು ಬೇರೆ, ಹೀಗೆ ಚಿಮ್ಮಿಸುವುದು ಬೇರೆ. ಉಚ್ಚೆ ಬಂದಾಗ ಅದು ಮಣ್ಣು ಕೆದರಿ, ಕುಕ್ಕರಿಸಿ ಕುಳಿತು, ಮುಗಿಸಿ, ಮುಚ್ಚಿ ಹೋಗುತ್ತದೆ. ಚಿಮ್ಮಿಸಿ ತನ್ನ ಗುರುತು ಹಾಕುವಾಗ ಕೂರುವುದೇ ಇಲ್ಲ. ಮೂಟೆಯನ್ನು ಒಮ್ಮೆ ಮೂಸಿ, ತಿರುಗಿ ಬೆನ್ನು ಮಾಡಿ ನಿಂತು, ಬಾಲವನ್ನು ನೆಟ್ಟಗೆ ಎತ್ತುತ್ತದೆ. ಬಾಲ ಸಣ್ಣಗೆ ನಡುಗುತ್ತದೆ. ಹಿಂಗಾಲುಗಳು ಕಾದ ನೆಲದ ಮೇಲೆ ನಿಂತಂತೆ ಒಂದಾದ ಮೇಲೊಂದು ಏಳುತ್ತವೆ. ನೆಲದಿಂದ ಸುಮಾರು ಒಂದು ಗೇಣು ಎತ್ತರಕ್ಕೆ ಒಂದಿಷ್ಟೇ ಚಿಮ್ಮಿಸಿ, ಏನೂ ಆಗಿಲ್ಲವೆಂಬಂತೆ ಹೊರಟುಬಿಡುತ್ತದೆ. ಇದು ನಿಮ್ಮ ಮೇಲಿನ ಸೇಡಲ್ಲ. ಕೇರಿಯ ಬೇರೆ ಗಂಡುಗಳಿಗೆ, ಬೆದೆಗೆ ಬಂದ ಹೆಣ್ಣುಗಳಿಗೆ ಬರೆದ ಓಲೆ. ನಿಮ್ಮ ಅಕ್ಕಿ ಮೂಟೆ ಅದಕ್ಕೆ ಬರೀ ಕಾಗದ.

ಇನ್ನು ಆ ನಾತ. ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಎಂಬ ಅಮೈನೋ ಆಮ್ಲವಿದೆ. ಬಲಿತ ಗಂಡಿನಲ್ಲಿ ಅದು ಬಹಳ ಹೆಚ್ಚು. ಅದು ಒಡೆಯುತ್ತಾ ಹೋದಂತೆ ಗಂಧಕವಿರುವ ವಸ್ತುಗಳು ಹೊರಬೀಳುತ್ತವೆ. ಬೆಳಿಗ್ಗೆ ಅಷ್ಟಾಗಿ ಗೊತ್ತಾಗದ ವಾಸನೆ ಸಂಜೆ ನೆಂಟರು ಬರುವ ಹೊತ್ತಿಗೆ ಎದ್ದು ನಿಲ್ಲುವುದು ಇದರಿಂದಲೇ.

ಇದೆಲ್ಲದರ ಹಿಂದೆ ಇರುವುದು ಬೀಜದಲ್ಲಿ ಹುಟ್ಟುವ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು. ಬೀಜ ತೆಗೆಸಿದರೆ ಹತ್ತು ಗಂಡುಗಳಲ್ಲಿ ಸುಮಾರು ಒಂಬತ್ತು ಈ ಚಾಳಿಯನ್ನು ಬಿಡುತ್ತವೆ, ಇಲ್ಲವೇ ಬಹಳ ಕಡಿಮೆ ಮಾಡುತ್ತವೆ. ಕೆಲವು ಬೇಗನೆ, ಕೆಲವು ನಿಧಾನವಾಗಿ ಒಂದೆರಡು ತಿಂಗಳಲ್ಲಿ. ಐದು ತಿಂಗಳು ತುಂಬುವ ಹೊತ್ತಿಗೆ, ಚಾಳಿ ಅಂಟುವ ಮೊದಲೇ ಮಾಡಿಸಿಬಿಡಿ ಎನ್ನುವವನು ನಾನು. ರಾತ್ರಿಯೆಲ್ಲಾ ಅಲೆದು, ಕಿವಿ ಹರಿದುಕೊಂಡು, ಕೆನ್ನೆಯಲ್ಲಿ ಕೀವು ತುಂಬಿಕೊಂಡು ಬರುವ ಗಂಡುಗಳನ್ನು ನೋಡಿದವರು 'ಪಾಪ' ಎಂಬ ಮಾತನ್ನು ಎಲ್ಲಿ ಬಳಸಬೇಕೆಂದು ಇನ್ನೊಮ್ಮೆ ಯೋಚಿಸುತ್ತಾರೆ. ಬೆಕ್ಕಿನ ಏಡ್ಸ್ ಎನ್ನುವ ರೋಗ ಹೆಚ್ಚಾಗಿ ಹರಡುವುದೂ ಈ ಕಚ್ಚಾಟದಲ್ಲೇ. ಮನುಷ್ಯರಿಗೆ ಅದು ತಗಲುವುದಿಲ್ಲ, ಹೆದರಬೇಡಿ.

ಶಸ್ತ್ರಚಿಕಿತ್ಸೆ ಚಿಕ್ಕದು. ಅರಿವಳಿಕೆ ಕೊಟ್ಟ ಮೇಲೆ ಚರ್ಮದಲ್ಲಿ ಸಣ್ಣ ಗೀರು, ಅದರಿಂದ ಹಸಿ ಅವರೆಕಾಳಿನಷ್ಟು ಗಾತ್ರದ ಬೀಜ ಹೊರಗೆ, ನಾಳಕ್ಕೆ ಗಂಟು. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಬಾಗಿಲಾಚೆ ನಿಂತಿದ್ದ ಆ ಯಜಮಾನರು, "ಇಷ್ಟೇನಾ?" ಎಂದು ಎರಡು ಸಲ ಕೇಳಿದರು. ಒಂದೇ ಬೀಜ ಕೆಳಗಿಳಿದಿದ್ದರೆ ಮಾತ್ರ ಕೆಲಸ ದೊಡ್ಡದು. ಒಳಗುಳಿದದ್ದನ್ನೂ ಹುಡುಕಿ ತೆಗೆಯಲೇಬೇಕು, ಇಲ್ಲವಾದರೆ ಮೂಟೆಗಳ ಪಾಡು ಮೊದಲಿನಂತೆಯೇ. ಇನ್ನೊಂದು ವಿಷಯ, ಆಪರೇಷನ್ ಆದ ಮೇಲೂ ಕೆಲವು ವಾರ ವೀರ್ಯ ಉಳಿದಿರಬಹುದು. ಒಂದೂವರೆ ತಿಂಗಳಾದರೂ ಹೆಣ್ಣು ಬೆಕ್ಕುಗಳಿಂದ ದೂರವಿಡಿ.

ಈಗ ಫಿನಾಯಿಲ್ ವಿಚಾರ. ಬೆಕ್ಕು ಗಲೀಜು ಮಾಡಿತೆಂದರೆ ನಮ್ಮ ಕೈ ಹೋಗುವುದು ಆ ಬಾಟಲಿಗೇ. ದಯವಿಟ್ಟು ಬೇಡ. ಅದರಲ್ಲಿರುವ ಫಿನಾಲ್ ಜಾತಿಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ನಡೆದು, ಅಂಗಾಲು ನೆಕ್ಕಿದರೂ ವಿಷವೇರಬಹುದು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುವುದಕ್ಕೂ ಇಂಥದೇ ಕಾರಣ. ಅಮೋನಿಯ ಬೆರೆತ ದ್ರಾವಣವೂ ಬೇಡ; ಅದರ ವಾಸನೆ ಮೂತ್ರವನ್ನೇ ನೆನಪಿಸಿ ಬೆಕ್ಕನ್ನು ಮತ್ತೆ ಅಲ್ಲಿಗೇ ಎಳೆಯುತ್ತದೆ. ಕಿಣ್ವ (ಎನ್‌ಜೈಮ್) ಇರುವ ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಕಲೆಯ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಬೆಕ್ಕಿನ ಊಟದ ತಟ್ಟೆಯನ್ನು ಅಲ್ಲೇ ಇಡಿ. ಉಣ್ಣುವ ಜಾಗದಲ್ಲಿ ಅದು ಸಾಮಾನ್ಯವಾಗಿ ಗುರುತು ಹಾಕುವುದಿಲ್ಲ. ಹೊಡೆಯಬೇಡಿ, ಹೆದರಿದ ಬೆಕ್ಕು ಇನ್ನಷ್ಟು ಬರೆಯುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಗಂಡು ಬೆಕ್ಕು ಪದೇ ಪದೇ ಕುಳಿತು, ಮುಕ್ಕರಿದು, ಹನಿ ಹನಿ ಹಾಕುತ್ತಿದ್ದರೆ, ರಕ್ತ ಕಂಡರೆ, ಏನೂ ಬಾರದೆ ಕೂಗಿಕೊಂಡರೆ ಅದು ಚಾಳಿಯಲ್ಲ, ಮೂತ್ರನಾಳ ಕಟ್ಟಿರಬಹುದು. ನಾಳೆ ನೋಡೋಣ ಎನ್ನಬೇಡಿ. ಎರಡು ಮೂರು ದಿನದಲ್ಲಿ ಪ್ರಾಣವೇ ಹೋಗುತ್ತದೆ.

ಕೆಂಚು ಬೆಕ್ಕಿನವರು ಆರು ವಾರದ ನಂತರ ಮತ್ತೆ ಬಂದರು. ಮೂಟೆ, ಚಪ್ಪಲಿ, ದೇವರ ಕೋಣೆ ಎಲ್ಲವೂ ಪಾರಾಗಿದ್ದವು. ಅಡುಗೆಮನೆಯ ತಗ್ಗು ಕಿಟಕಿಯ ಬಳಿ ಮಾತ್ರ ಆಗಾಗ ಚಿಮ್ಮಿಸುತ್ತಿತ್ತು. ಕೇಳುತ್ತಾ ಹೋದಾಗ ಗೊತ್ತಾಯಿತು: ಪಕ್ಕದ ಮನೆಯ ಗಂಡು ಬೆಕ್ಕು ದಿನವೂ ಸಂಜೆ ಹೊರಗೆ ಆ ಕಿಟಕಿಯೆದುರೇ ಕೂರುತ್ತಿತ್ತು. ಕೆಳಗಿನ ಎರಡು ಗಾಜಿಗೆ ರಟ್ಟು ಅಂಟಿಸಲು ಹೇಳಿದೆ.

"ಅದು ಸರಿ ಡಾಕ್ಟರೇ, ಇದು ಹೀಗೆ ಊದಿಕೊಂಡಿದೆಯಲ್ಲ?" ಎಂದರು ಯಜಮಾನರು. ಬೀಜ ತೆಗೆದ ಬೆಕ್ಕಿಗೆ ಊಟ ಸುಮಾರು ಕಾಲುಭಾಗ ಕಡಿಮೆ ಸಾಕು, ಹಸಿವು ಮಾತ್ರ ಹೆಚ್ಚುತ್ತದೆ ಎಂದೆ. "ನಾನು ಹಾಕುವುದು ಎರಡೇ ಹೊತ್ತು" ಎಂದ ಆಕೆ ಗಂಡನ ಕಡೆ ತಿರುಗಿ, "ರಾತ್ರಿ ಮೂರನೆಯ ಸಲ ಮೀನು ಹಾಕುವುದು ಯಾರು ಎಂದು ಕೇಳಿ" ಎಂದರು. ಆತ ಉತ್ತರ ಕೊಡಲಿಲ್ಲ. ಬುಟ್ಟಿಯ ಮುಚ್ಚಳ ಕೂರದೆ, ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದರು.